ಅಟ್ಟದಲ್ಲಿ ಮರಬೆಕ್ಕು ಮರಿ ಮಾಡಿ ಹೋಗಿದೆ, ಈಗ ಶುದ್ಧ ಮಾಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಮಾವನವರ ತಾತ ಕಟ್ಟಿಸಿದ ತೊಟ್ಟಿಮನೆ. ಮೇಲೆ ಮಂಗಳೂರು ಹೆಂಚು, ಒಳಗೆ ಹಲಗೆ ಹಾಸಿ ಮಣ್ಣು ಮೆತ್ತಿದ ಅಟ್ಟ. ಯುಗಾದಿ ಕಳೆದ ಮೇಲೆ ರಾತ್ರಿ ಅಟ್ಟದಲ್ಲಿ ಧಡಧಡ ಓಡಾಟ ಶುರುವಾಯಿತು. ಪುನುಗು ಬೆಕ್ಕು ಮರಿ ಹಾಕಿದೆ ಅಂತ ಆಮೇಲೆ ಗೊತ್ತಾಯಿತು. ಅದು ದೇವರ ಪ್ರಾಣಿ, ಓಡಿಸಬೇಡಿ ಅಂದರು ನಮ್ಮತ್ತೆ. ಈಗ ಮೂರು ವಾರದಿಂದ ಸದ್ದಿಲ್ಲ. ಆದರೆ ಜಿಟಿಜಿಟಿ ಮಳೆ ಹಿಡಿದ ಮೇಲೆ ನಡುಮನೆಯಲ್ಲಿ ಕೂರಲಾಗದಷ್ಟು ವಾಸನೆ. ಸೂರಿನ ಕಡೆ ಹಲಗೆ ಕೆಳಗೆ ಹಳದಿ ಕಲೆಯೂ ಇಳಿದಿದೆ. ಒಬ್ಬರು ಬಂದು ಒಂದು ಕೆಜಿ ನುಸಿಗುಳಿಗೆ ಚೆಲ್ಲಿ ಹೋದರು, ವಾಸನೆ ಎರಡಾಯಿತು ಅಷ್ಟೆ. ಇನ್ನೊಬ್ಬರು ಅಟ್ಟ ಪೂರ್ತಿ ಕಿತ್ತು ಮರವೆಲ್ಲ ಬದಲಾಯಿಸಬೇಕು, ಮೂರು ಲಕ್ಷ ಆಗುತ್ತೆ ಅಂದರು. ಆರು ವರ್ಷದ ಮಗನಿಗೆ ವೀಸಿಂಗ್ ಇದೆ. ಯೂಟ್ಯೂಬ್ ನೋಡಿದರೆ ಪ್ರಾಣಿಗಳ ಹಿಕ್ಕೆಯಿಂದ ಶ್ವಾಸಕೋಶಕ್ಕೆ ಏನೇನೋ ಬರುತ್ತದೆ ಅಂತಾರೆ. ದಸರಾ ಗೊಂಬೆಗಳ ಟ್ರಂಕೂ ಅಲ್ಲೇ ಇದೆ, ಅದರ ಮೇಲೂ ಒದ್ದೆ ಮಾಡಿದೆ. ನವರಾತ್ರಿಗೆ ಇನ್ನು ಎರಡೂವರೆ ತಿಂಗಳು. ಏನು ಮಾಡಲಿ?

ಉತ್ತರ: ಮಗನ ಉಸಿರು, ಅತ್ತೆಯವರ ನಂಬಿಕೆ, ಗೊಂಬೆ ಟ್ರಂಕು, ಮೂರು ಲಕ್ಷದ ಲೆಕ್ಕ, ಎಲ್ಲ ಒಂದೇ ಸಲ ನಿಮ್ಮ ತಲೆ ಮೇಲೆ ಬಿದ್ದಿದೆ. ನೀವು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಅಟ್ಟ ಪೂರ್ತಿ ಕೀಳುವ ಅಗತ್ಯ ನನಗೆ ಕಾಣುತ್ತಿಲ್ಲ. ಒಂದು ತೊಲೆಯ ಬಗ್ಗೆ ಮಾತ್ರ ಅನುಮಾನವಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಹಳೆ ಮನೆಗಳ ಮಾಡು, ಅಟ್ಟ ರಿಪೇರಿ ಮಾಡುತ್ತಾ ಇಷ್ಟು ವರ್ಷ ಕಳೆದಿದ್ದೇನೆ. ಇಂಥ ಕಡೆ ಜನ ಎಡವುವುದು ಕೆಲಸದ ಸರದಿಯಲ್ಲಿ. ವಾಸನೆ ಬಂದ ಕೂಡಲೇ ಪೊರಕೆ ಹಿಡಿದು ಅಟ್ಟ ಹತ್ತುತ್ತಾರೆ. ಪೊರಕೆ ಬರಬೇಕಾದ್ದು ಎಲ್ಲಕ್ಕಿಂತ ಕೊನೆಗೆ. ನಿಮ್ಮ ಕೆಲಸದಲ್ಲಂತೂ ಒಣ ಪೊರಕೆ ಬರುವುದೇ ಇಲ್ಲ.

ಮೊದಲು ಆ ಪ್ರಾಣಿ ಯಾವುದು ಅಂತ ನೋಡೋಣ. ನಮ್ಮ ಕಡೆ ಪುನುಗು ಬೆಕ್ಕು, ಮರಬೆಕ್ಕು, ಕಬ್ಬೆಕ್ಕು ಅಂತ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ನಿಜವಾದ ಪುನುಗು ಬೆಕ್ಕು ಬೇರೆ. ಅದರ ಬಾಲದ ಮೇಲೆ ಬಳೆ ತೊಡಿಸಿದ ಹಾಗೆ ಕಪ್ಪು ಪಟ್ಟೆಗಳಿರುತ್ತವೆ. ಹೆಚ್ಚಾಗಿ ನೆಲದ ಮೇಲೇ ಓಡಾಡುತ್ತದೆ. ತಿರುಮಲದಲ್ಲಿ ಶುಕ್ರವಾರದ ಅಭಿಷೇಕ ಆದ ಮೇಲೆ ಸ್ವಾಮಿಗೆ ಪುನುಗಿನ ಎಣ್ಣೆ ಹಚ್ಚುತ್ತಾರಲ್ಲ, ಅತ್ತೆಯವರು ಹೇಳುತ್ತಿರುವುದು ಆ ಪ್ರಾಣಿ. ಅಟ್ಟ ಹತ್ತುವುದು ಮರಬೆಕ್ಕು. ಬೂದು ಮೈ, ಮುಖಕ್ಕೆ ಕಪ್ಪು ಮುಸುಕು, ಪಟ್ಟೆಯಿಲ್ಲದ ಉದ್ದ ಬಾಲ. ಮರ, ಪೈಪು, ಕೇಬಲ್ ತಂತಿ, ಯಾವುದಾದರೂ ಸರಿ, ಅದರ ಮೇಲೆ ನಡೆದು ಬರುತ್ತದೆ. ಇದನ್ನು ಅತ್ತೆಯವರಿಗೆ ಮೆಲ್ಲಗೆ ಹೇಳಿ. ಅವರ ಮಾತಿನಲ್ಲಿ ಒಂದು ನಿಜ ಇದ್ದೇ ಇದೆ. ಎರಡಕ್ಕೂ 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ವಿಷ ಇಡುವುದು, ಅರಣ್ಯ ಇಲಾಖೆಗೆ ಗೊತ್ತಿಲ್ಲದೆ ಬೋನಿನಲ್ಲಿ ಹಿಡಿದು ಇನ್ನೆಲ್ಲೋ ಬಿಡುವುದು ಅಪರಾಧ. ಮೇಲುಕೋಟೆ ಬೆಟ್ಟಕ್ಕೆ ಒಯ್ದು ಬಿಟ್ಟರೆ ಪುಣ್ಯ ಬರುತ್ತದೆ ಅಂದುಕೊಳ್ಳುವವರಿದ್ದಾರೆ. ಗೊತ್ತಿಲ್ಲದ ಜಾಗದಲ್ಲಿ ಅದಕ್ಕೆ ಆಹಾರವೂ ಸಿಗದು, ಅಡಗುವ ಜಾಗವೂ ಸಿಗದು. ಇತ್ತ ನಿಮ್ಮ ಅಟ್ಟದ ದಾರಿ ತೆರೆದೇ ಇರುತ್ತದೆ, ಇನ್ನೊಂದು ಬಂದು ಸೇರಿಕೊಳ್ಳುತ್ತದೆ.

ಅಟ್ಟದಲ್ಲಿ ಇದ್ದದ್ದು ಮರಬೆಕ್ಕೊಂದೇ ಅಂತಲೂ ಅಂದುಕೊಳ್ಳಬೇಡಿ. ಹಿಕ್ಕೆ ನೋಡಿದರೆ ತಿಳಿಯುತ್ತದೆ. ಮರಬೆಕ್ಕು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಾಕುತ್ತದೆ. ಅದರೊಳಗೆ ಹಣ್ಣಿನ ಬೀಜ ಹಾಗೇ ಇರುತ್ತವೆ. ನಿಮ್ಮ ಎರಡನೇ ಫೋಟೋದ ರಾಶಿಯಲ್ಲಿ ಸೀಬೆ ಬೀಜ, ನೇರಳೆ ಬೀಜ ಚೆನ್ನಾಗಿ ಕಾಣುತ್ತಿವೆ. ಇಲಿಯದು ಹಾಗಲ್ಲ, ಓಡಾಡಿದ ದಾರಿಯುದ್ದಕ್ಕೂ ಚೆಲ್ಲಿರುತ್ತದೆ, ಎರಡು ತುದಿ ಚೂಪು. ಬಾವಲಿಯದು ಇಲಿಯದರ ಹಾಗೇ ಕಂಡರೂ ಬೆರಳಲ್ಲಿ ಒತ್ತಿದರೆ, ಅದೂ ಗ್ಲೌಸ್ ಹಾಕಿಕೊಂಡು, ಪುಡಿಪುಡಿಯಾಗುತ್ತದೆ. ಒಳಗೆ ಹುಳುಗಳ ರೆಕ್ಕೆಯ ಚೂರು ಮಿನುಗುತ್ತವೆ. ನಾಲ್ಕನೇ ಫೋಟೋದಲ್ಲಿ ಗೋಡೆ ಬುಡಕ್ಕೆ ಚೆಲ್ಲಿರುವುದು ಇಲಿಯದೇ. ಮಂಡ್ಯದ ಕಡೆ ಕಬ್ಬು ಕಡಿದಾಗ, ಭತ್ತ ಕೊಯ್ದಾಗ ಗದ್ದೆಯ ಇಲಿಗಳು ಮನೆ ಹುಡುಕಿ ಬರುತ್ತವೆ. ಇಲಿ ಇರುವ ಕಡೆ ಮರಬೆಕ್ಕೂ ಬರುತ್ತದೆ. ಮರಬೆಕ್ಕಿಗೆ ಇಲಿ ಊಟ.

ಇನ್ನು ಕಾಯಿಲೆಯ ಭಯ. ನೀವು ನೋಡಿದ ವಿಡಿಯೋಗಳು ಬಹುಪಾಲು ಅಮೆರಿಕದವು. ಅಲ್ಲಿ ಅಟ್ಟ ಹೊಗುವುದು ರಕೂನ್ ಅನ್ನುವ ಪ್ರಾಣಿ, ಅದರ ಹಿಕ್ಕೆಯಲ್ಲಿ ಒಂದು ಜಾತಿಯ ಅಪಾಯಕಾರಿ ಜಂತುವಿನ ಮೊಟ್ಟೆ ಇರುತ್ತದೆ. ಆ ಪ್ರಾಣಿ ನಮ್ಮಲ್ಲಿಲ್ಲ. ಅಲ್ಲಿ ಚಳಿಗೆ ಅಂತ ಅಟ್ಟದ ತುಂಬಾ ಹತ್ತಿಯಂಥ ಗಾಜಿನ ನಾರು ತುಂಬಿರುತ್ತಾರೆ, ಅದು ಗಲೀಜನ್ನು ಹೀರಿಕೊಂಡರೆ ತೊಳೆಯಲು ಬರುವುದಿಲ್ಲ. ಹಾಗಾಗಿ ಪೂರ್ತಿ ಕಿತ್ತು ಎಸೆಯುತ್ತಾರೆ. ಅದನ್ನು ನೋಡಿ ನಮ್ಮ ತೇಗ, ಮತ್ತಿ, ಹೊನ್ನೆ ಮರದ ಅಟ್ಟಗಳನ್ನೂ ಕೀಳಿ ಅನ್ನುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಕಿತ್ತ ಹಳೆ ಮರಕ್ಕೆ ಎಷ್ಟು ಬೆಲೆ ಇದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಹಾಗಂತ ಭಯ ಪೂರ್ತಿ ಸುಳ್ಳೂ ಅಲ್ಲ. ನಮ್ಮಲ್ಲಿ ನಿಜವಾಗಿ ಎಚ್ಚರ ವಹಿಸಬೇಕಾದ್ದು ಇಲಿ ಜ್ವರಕ್ಕೆ. ಇಲಿಯ ಉಚ್ಚೆಯಲ್ಲಿರುವ ಸೂಕ್ಷ್ಮಾಣು ಒದ್ದೆಯಲ್ಲಿ ಬದುಕಿರುತ್ತದೆ. ಕೈಕಾಲಿನ ಗಾಯ, ಕಣ್ಣು, ಬಾಯಿಯ ಮೂಲಕ ಒಳಗೆ ಹೋಗುತ್ತದೆ. ಒಣಗಿದರೆ ಬೇಗ ಸಾಯುತ್ತದೆ. ಅಟ್ಟ ಒಣಗುವುದು ಅಷ್ಟು ಮುಖ್ಯ ಅನ್ನುವುದಕ್ಕೆ ಇದೂ ಒಂದು ಕಾರಣ. ಎರಡನೆಯದು ದೂಳು. ಹಳೆ ಹಿಕ್ಕೆ ಪುಡಿಯಾಗಿ ಎದ್ದರೆ ಅದರ ಜೊತೆ ಬೂಷ್ಟಿನ ಬೀಜಕಣಗಳೂ ಏಳುತ್ತವೆ. ಬಾವಲಿ, ಪಾರಿವಾಳದ ಹಿಕ್ಕೆ ವರ್ಷಗಟ್ಟಲೆ ಗುಡ್ಡೆ ಬಿದ್ದ ಕಡೆ ಇದು ಇನ್ನೂ ಕೆಟ್ಟದ್ದು. ವೀಸಿಂಗ್ ಇರುವ ಮಗುವಿಗೆ ಯಾವ ರೋಗಾಣುವೂ ಬೇಡ, ಆ ದೂಳೊಂದೇ ಸಾಕು. ಮೂರನೆಯದು ಹೊಟ್ಟೆ ಜಂತು. ಹಿಕ್ಕೆ ಮುಟ್ಟಿದ ಕೈ ಬಾಯಿಗೆ ಹೋಗದಿದ್ದರೆ ಅದರ ಭಯವಿಲ್ಲ. ಸುಮ್ನೆ ಆ ವಾಸನೆ ಕುಡಿದ ಮಾತ್ರಕ್ಕೆ ಇಲಿ ಜ್ವರ, ಹುಚ್ಚು ನಾಯಿ ರೋಗ ಎಲ್ಲ ಬರುವುದಿಲ್ಲ. ಕಚ್ಚಿದರೆ, ಪರಚಿದರೆ ಮಾತ್ರ ತಡ ಮಾಡಬೇಡಿ. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗಿ ಚುಚ್ಚುಮದ್ದು ಕೇಳಿ.

ನಮ್ಮ ಹಿರಿಯರಿಗೆ ಅಟ್ಟದಲ್ಲಿ ಇಲಿ ಸತ್ತು ಬಿದ್ದರೆ ಎದೆ ನಡುಗುತ್ತಿತ್ತು. 1898 ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದ ಮೇಲೆ ಇಲಿ ಬಿದ್ದ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನಮ್ಮಜ್ಜಿ ಆ ಕಥೆ ಹೇಳುವಾಗ ಅಟ್ಟದ ಕಡೆ ನೋಡಿಯೇ ಹೇಳುತ್ತಿದ್ದರು. ಅತ್ತೆಯವರ ಮನಸ್ಸಿನಲ್ಲೂ ಅಂಥ ಭಯ ಎಲ್ಲೋ ಇರಬಹುದು. ಈಗ ಆ ಕಾಲವಿಲ್ಲ ಅಂತ ಅವರಿಗೆ ಧೈರ್ಯ ಹೇಳಿ.

ಮಳೆ ಬಂದ ಮೇಲೇ ವಾಸನೆ ಯಾಕೆ ಎದ್ದಿತು ಅಂತ ನಿಮಗೆ ಅನ್ನಿಸಿರಬಹುದು. ಉಚ್ಚೆ ಒಣಗಿದಾಗ ಅದರ ಉಪ್ಪು ಮರದ ಎಳೆಗಳಲ್ಲಿ, ಮಣ್ಣಿನಲ್ಲಿ ಹರಳುಗಟ್ಟಿ ಕೂರುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಸುಮ್ಮನಿರುತ್ತದೆ. ಗಾಳಿಯಲ್ಲಿ ತೇವ ಸೇರಿದ ಕೂಡಲೇ, ಉಪ್ಪಿನ ಜಾಡಿ ಮಳೆಗಾಲದಲ್ಲಿ ಬೆವರುವ ಹಾಗೆ, ಈ ಹರಳೂ ನೀರು ಹೀರುತ್ತದೆ, ವಾಸನೆ ಬಿಡುತ್ತದೆ. ನುಸಿಗುಳಿಗೆ, ಫಿನಾಯಿಲ್, ಊದುಬತ್ತಿ ಇವು ಯಾವುವೂ ಆ ಹರಳನ್ನು ಮುಟ್ಟುವುದಿಲ್ಲ. ಮೇಲೆ ಇನ್ನೊಂದು ವಾಸನೆ ಹೊದಿಸುತ್ತವೆ ಅಷ್ಟೆ. ನುಸಿಗುಳಿಗೆಯ ಆವಿ ಮುಚ್ಚಿದ ಜಾಗದಲ್ಲಿ ಚಿಕ್ಕ ಮಕ್ಕಳಿಗೆ ನಿಜಕ್ಕೂ ಒಳ್ಳೆಯದಲ್ಲ. ಇವತ್ತೇ ಒಂದೊಂದನ್ನೂ ಆರಿಸಿ ತೆಗೆಸಿಬಿಡಿ. ಅದು ಹೋಗುವ ತನಕ ಮಗ ಆ ನಡುಮನೆಯಲ್ಲಿ ಮಲಗುವುದು ಬೇಡ.

ಹಾಗೇ ಇನ್ನೂ ಕೆಲವರು ಮೆಣಸಿನಕಾಯಿ ಹೊಗೆ ಹಾಕಿ ಅಂದಾರು. ಒಣ ಮರದ ಅಟ್ಟದಲ್ಲಿ ಬೆಂಕಿ ಒಯ್ಯುವ ಮಾತು ಬೇಡವೇ ಬೇಡ. ಕಿವಿಗೆ ಕೇಳದ ಶಬ್ದ ಮಾಡುವ ಯಂತ್ರಕ್ಕೂ ದುಡ್ಡು ಹಾಕಬೇಡಿ. ನಾಲ್ಕು ದಿನ ಆದರೆ ಪ್ರಾಣಿಗಳು ಅದರ ಪಕ್ಕದಲ್ಲೇ ಮಲಗುತ್ತವೆ. ಇಲಿ ಪಾಷಾಣವಂತೂ ಈ ಮನೆಗೆ ಆಗುವುದಿಲ್ಲ. ತಿಂದ ಇಲಿ ಗೋಡೆ ಸಂದಿಯಲ್ಲಿ ಸತ್ತರೆ ಈಗಿನ ವಾಸನೆಯೇ ವಾಸಿ ಅನ್ನಿಸುತ್ತದೆ. ಸತ್ತ ಇಲಿಯನ್ನು ತಿಂದ ಗೂಬೆ, ಬೆಕ್ಕು ಕೂಡ ಸಾಯಬಹುದು. ಇಲಿಗೆ ಬೋನು ಇಡಿ.

ಸರಿ, ಕೆಲಸಕ್ಕೆ ಬರೋಣ. ಮೂರು ವಾರದಿಂದ ಸದ್ದಿಲ್ಲ ಅಂದರೆ ಹೋಗಿರಬೇಕು, ಆದರೆ ನೋಡದೆ ದಾರಿ ಮುಚ್ಚಬೇಡಿ. ತುಂಬಾ ವರ್ಷದ ಹಿಂದೆ ಮೈಸೂರಿನ ಅಗ್ರಹಾರದ ಒಂದು ಮನೆಯಲ್ಲಿ ನಾನೇ ಈ ತಪ್ಪು ಮಾಡಿದೆ. ತಾಯಿ ಸಂಜೆ ಆಚೆ ಹೋಗಿದ್ದನ್ನು ಕಣ್ಣಾರೆ ನೋಡಿ ಸಂದಿಗೆ ಸಿಮೆಂಟು ಮೆತ್ತಿಸಿದೆ. ಒಳಗೆ ಹಳೆ ಹಾಸಿಗೆ ಸುರುಳಿಯೊಳಗೆ ಮರಿಗಳಿದ್ದವು. ರಾತ್ರಿಯಿಡೀ ತಾಯಿ ಮಾಡಿನ ಮೇಲೆ ಹೆಂಚು ಕೆದರಿತು. ಬೆಳಿಗ್ಗೆ ಹೋದಾಗ ಮನೆಯವರು ಯಾರೂ ಕಣ್ಣು ಮುಚ್ಚಿರಲಿಲ್ಲ. ಮಾಡಿನ ಅಂಚಿನಲ್ಲಿ ಹನ್ನೊಂದು ಹೆಂಚು ಒಡೆದು ಬಿದ್ದಿದ್ದವು. ಹಾಸಿಗೆ ಸುರುಳಿ ಬಿಚ್ಚಿದಾಗ ಮೂರು ಮರಿ ಒಂದಕ್ಕೊಂದು ಅಂಟಿಕೊಂಡು ನಡುಗುತ್ತಿದ್ದವು. ಸಿಮೆಂಟು ಒಡೆಸಿ, ಸುರುಳಿಯನ್ನು ಹಾಗೇ ಸಂದಿಯ ಹತ್ತಿರ ಇಟ್ಟು ಬಂದೆ. ಎರಡು ರಾತ್ರಿಯಲ್ಲಿ ತಾಯಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಯಿತು. ಅಂದಿನಿಂದ ಒಂದು ಸಂದಿ ಮುಚ್ಚುವ ಮುಂಚೆಯೂ ಅಟ್ಟದ ಪ್ರತಿ ಗಂಟು, ಪ್ರತಿ ಬುಟ್ಟಿ ಬಿಚ್ಚಿ ನೋಡುತ್ತೇನೆ.

ನೀವು ಹೀಗೆ ಮಾಡಿ. ಹಗಲು ಹೊತ್ತು ಅಟ್ಟಕ್ಕೆ ಹತ್ತಿ, ಟಾರ್ಚ್ ಆರಿಸಿ, ಎರಡು ನಿಮಿಷ ಸುಮ್ಮನೆ ಕೂತುಕೊಳ್ಳಿ. ಕತ್ತಲೆಗೆ ಕಣ್ಣು ಹೊಂದಿದ ಮೇಲೆ ಎಲ್ಲೆಲ್ಲಿ ಬೆಳಕು ಚುಚ್ಚುತ್ತದೋ ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ನಾಲ್ಕು ಬೆರಳು ಅಗಲದ ಸಂದಿ ಇದ್ದರೆ ಮರಬೆಕ್ಕು ನುಸುಳುತ್ತದೆ. ಹೆಬ್ಬೆರಳು ತೂರುವಷ್ಟು ಇದ್ದರೆ ಇಲಿಗೆ ಸಾಕು. ದೊಡ್ಡ ಸಂದಿಗಳ ಮುಂದೆ ಒಲೆ ಬೂದಿಯನ್ನು ತೆಳ್ಳಗೆ ಜರಡಿ ಹಿಡಿಯಿರಿ. ಹಿಟ್ಟು ಬೇಡ, ಇಲಿಗೆ ಊಟ ಇಟ್ಟ ಹಾಗಾಗುತ್ತದೆ. ನಾಲ್ಕು ರಾತ್ರಿ ನೋಡಿ. ಐದು ಬೆರಳಿನ ಹೆಜ್ಜೆ ಬಿದ್ದರೆ ಮರಬೆಕ್ಕು ಇನ್ನೂ ಬರುತ್ತಿದೆ. ನಾಲ್ಕೇ ಬೆರಳಿದ್ದರೆ ಊರ ಬೆಕ್ಕು. ಮರಬೆಕ್ಕು ಇದ್ದು, ಮರಿಗಳೂ ಇದ್ದರೆ ಕೆಲಸ ನಿಲ್ಲಿಸಿ. ಮರಿಗಳು ಎರಡು ಮೂರು ತಿಂಗಳಲ್ಲಿ ತಾಯಿಯ ಜೊತೆ ತಾವೇ ಹೊರಡುತ್ತವೆ. ಕಾಯಲು ಆಗದ ಪರಿಸ್ಥಿತಿ ಇದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926 ಕ್ಕೆ ಫೋನ್ ಮಾಡಿ. ನೀವಾಗಿ ಕೈ ಹಾಕಬೇಡಿ.

ಬೂದಿ ಹಾಗೇ ಇದ್ದರೆ ದಾರಿ ಮುಚ್ಚಿಸಿ. ನಿಮ್ಮ ಫೋಟೋದಲ್ಲಿ ಸೀಬೆ ಕೊಂಬೆ ಮಾಡಿನ ಮೇಲೇ ಒರಗಿದೆ, ಅದೇ ಅವುಗಳ ಹೆದ್ದಾರಿ. ಮಾಡಿನಿಂದ ಏಳೆಂಟು ಅಡಿ ಹಿಂದಕ್ಕೆ ಕಡಿಸಿ. ಸೂರಿಗೂ ಗೋಡೆಗೂ ನಡುವಿನ ಸಂದಿಗೆ, ಬೆಳಕಿಂಡಿಗೆ ಅರ್ಧ ಇಂಚಿನ ಕಣ್ಣಿನ ತುಕ್ಕು ಹಿಡಿಯದ ಬೆಸುಗೆ ಜಾಲರಿ ಹೊಡೆಸಿ. ಪ್ಲಾಸ್ಟಿಕ್ ಬಲೆ, ಥರ್ಮಾಕೋಲು, ಬಟ್ಟೆ ತುರುಕುವುದು ಇವೆಲ್ಲ ಒಂದು ವಾರದ ಮಾತು. ಸಿಮೆಂಟಿನಲ್ಲಿ ಪೂರ್ತಿ ಮೆತ್ತುವುದೂ ತಪ್ಪು. ಹೆಂಚಿನ ಮಾಡು ಉಸಿರಾಡಬೇಕು. ಗಾಳಿ ನಿಂತರೆ ಒಳಗಿನ ತೇವ ಮರವನ್ನು ತಿನ್ನುತ್ತದೆ, ಹಿಂದೆಯೇ ಗೆದ್ದಲು ಬರುತ್ತದೆ. ಜಾಲರಿ ಯಾಕೆ ಅಂದರೆ ಅದು ಪ್ರಾಣಿಯನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ.

ಈಗ ಶುದ್ಧಿ. ನೀವೇ ಮಾಡಿದರೆ ದುಡ್ಡು ಉಳಿಯುತ್ತದೆ, ಆದರೆ ಎರಡು ಮೂರು ದಿನದ ಮೈಮುರಿಯುವ ಕೆಲಸ. ಮಗನನ್ನು ಅಷ್ಟು ದಿನ ತವರಿಗೆ ಕಳಿಸಬೇಕು. ಆಳು ಹಿಡಿದರೆ ಎರಡು ದಿನಕ್ಕೆ ಮುಗಿಯುತ್ತದೆ. ಆದರೆ ಒಬ್ಬರು ಜೊತೆಗೆ ನಿಲ್ಲದಿದ್ದರೆ ಅವರು ಒಣ ಪೊರಕೆಯಲ್ಲೇ ಗುಡಿಸುತ್ತಾರೆ. ಅವರ ಎದೆಗೂ ಅದು ಕೆಟ್ಟದ್ದು, ನಿಮ್ಮ ಮನೆಗೂ ಕೆಟ್ಟದ್ದು. ಮಾಸ್ಕು, ಗ್ಲೌಸು ನೀವೇ ಕೊಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಇಬ್ಬರು ಆಳು ಹಿಡಿದು ಜೊತೆಗೆ ನಿಲ್ಲುತ್ತಿದ್ದೆ. ಕಾಲವೂ ನಿಮ್ಮ ಪರವಾಗಿದೆ. ಮಂಡ್ಯದ ಕಡೆ ಆಷಾಢದಲ್ಲಿ ಜಿಟಿಜಿಟಿ ಇದ್ದರೂ ಗಾಳಿ ಚೆನ್ನಾಗಿ ಬೀಸುತ್ತದೆ. ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಗೌರಿ ಹಬ್ಬದೊಳಗೆ ಮುಗಿಸಿಬಿಡಿ. ಆಷಾಢದಲ್ಲಿ ಮನೆ ಕೆಲಸ ಶುರು ಮಾಡಬಾರದು ಅಂತ ಅತ್ತೆಯವರು ಅಂದರೆ, ಇದು ಹೊಸ ಕೆಲಸ ಅಲ್ಲ, ಕೊಳೆ ತೆಗೆಯುವುದು ಅಂತ ಹೇಳಿ.

ಮೊದಲು ಮೇನ್ ಸ್ವಿಚ್ ಆಫ್ ಮಾಡಿಸಿ. ಇಲಿ ವೈರಿನ ಮೇಲಿನ ಪದರ ಕಡಿದಿರುವುದು ಕತ್ತಲಲ್ಲಿ ಕಾಣುವುದಿಲ್ಲ, ಅಲ್ಲಿ ನೀವು ನೀರು ಚಿಮುಕಿಸಲು ಹೊರಟಿದ್ದೀರಿ. ಹಲಗೆ ಮೇಲೆ ನೇರ ಕಾಲಿಡದೆ, ತೊಲೆಯಿಂದ ತೊಲೆಗೆ ಅಡ್ಡಲಾಗಿ ಗಟ್ಟಿ ಹಲಗೆ ಹಾಕಿಕೊಂಡು ಅದರ ಮೇಲೆ ಓಡಾಡಿ. ಎನ್‌95 ಮಾಸ್ಕು ಬೇಕೇ ಬೇಕು, ಕರವಸ್ತ್ರ ಸಾಲದು. ರಬ್ಬರ್ ಗ್ಲೌಸು, ಕನ್ನಡಕ, ಆಮೇಲೆ ಬಿಸಿನೀರಿಗೆ ಹಾಕಬಹುದಾದ ಹಳೆ ಬಟ್ಟೆ.

ಬಟ್ಟೆ ಸೋಪಿನ ನೀರನ್ನು ಹೊಸ ಸ್ಪ್ರೇಯರ್‌ಗೆ ತುಂಬಿ. ಗದ್ದೆಗೆ ಔಷಧಿ ಹೊಡೆಯುವ ಪಂಪನ್ನು ಎಷ್ಟು ತೊಳೆದಿದ್ದರೂ ತರಬೇಡಿ. ರಂಗೋಲಿ ಬಿಡುವ ಮುಂಚೆ ಅಂಗಳಕ್ಕೆ ನೀರು ಚಿಮುಕಿಸುತ್ತೀರಲ್ಲ, ಹಿಕ್ಕೆ ರಾಶಿಯ ಮೇಲೆ ಅಷ್ಟೇ ಸಾಕು. ದೂಳು ಏಳಬಾರದು, ಕೆಳಗೆ ಸೋರಲೂಬಾರದು. ಹತ್ತು ನಿಮಿಷ ಬಿಟ್ಟು ಮೊರದಂಥ ತಗಡಿನಲ್ಲಿ ಎತ್ತಿ ಎರಡು ಪದರ ಚೀಲಕ್ಕೆ ತುಂಬಿ. ತೋಟದಲ್ಲಿ ಬಾವಿಗೂ ತರಕಾರಿ ಮಡಿಗೂ ದೂರವಾಗಿ ಎರಡು ಅಡಿ ಗುಂಡಿ ತೋಡಿ, ಚೀಲದಿಂದ ಸುರಿದು ಮೇಲೆ ಸುಣ್ಣ ಎರಚಿ ಮುಚ್ಚಿ. ಗೂಡು ಕಟ್ಟಿದ ಹುಲ್ಲು, ಚಿಂದಿಬಟ್ಟೆಗಳೂ ಹೋಗಲಿ. ಅಟ್ಟದಲ್ಲಿ ರಾಗಿ, ಬೆಲ್ಲ ಏನಾದರೂ ಇದ್ದರೆ ಮನಸ್ಸು ಗಟ್ಟಿ ಮಾಡಿಕೊಂಡು ಎಸೆಯಿರಿ. ತೊಳೆದು ತಿನ್ನುವ ಯೋಚನೆ ಬೇಡ.

ನಿಮ್ಮ ಅಟ್ಟದ ಜೀವ ಆ ಮಣ್ಣಿನ ಪದರದಲ್ಲಿದೆ. ಬೇಸಿಗೆಯಲ್ಲಿ ತಂಪಾಗಿಡುವುದು ಅದೇ, ಈಗ ಉಚ್ಚೆ ಕುಡಿದು ಕೂತಿರುವುದೂ ಅದೇ. ಅದನ್ನು ತೊಳೆಯಲಾಗದು. ಕಪ್ಪಾದ ಕಡೆ, ವಾಸನೆ ಬರುವ ಕಡೆ ಕರಣೆಯಲ್ಲಿ ಕೆರೆದು ತೆಗೆಯಿರಿ. ಕೆರೆಯುತ್ತಾ ಹೋದರೆ ಮಣ್ಣಿನ ಬಣ್ಣ ಬದಲಾಗುವುದು ಕಾಣುತ್ತದೆ. ಮೇಲೆ ಕಂದು ಕಪ್ಪು, ಜಿಗುಟು. ಒಂದೂವರೆ ಎರಡು ಇಂಚು ಹೋದ ಮೇಲೆ ಒಣ ಕೆಮ್ಮಣ್ಣು, ಪುಡಿಪುಡಿ. ಒಂದು ಚಿಟಿಕೆ ಕೈಗೆ ತೆಗೆದುಕೊಂಡು ಎರಡು ಹನಿ ನೀರು ಹಾಕಿ, ಹತ್ತಿರ ಹಿಡಿದು ಮೂಸಿ ನೋಡಿ. ಬರಿ ಮಣ್ಣಿನ ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಿ. ಇಡೀ ಅಟ್ಟದ ಮಣ್ಣು ತೆಗೆಸುವ ಆಳುಗಳಿದ್ದಾರೆ. ಸುಮ್ನೆ ಖರ್ಚು. ನಿಮ್ಮ ಫೋಟೋ ಪ್ರಕಾರ ಸೂರಿನ ಕಡೆಯ ಆರು ಅಡಿ ಜಾಗ ಮಾತ್ರ ಕೆಟ್ಟಿದೆ.

ಮಣ್ಣು ತೆಗೆದ ಮೇಲೆ ಕೆಳಗಿನ ಹಲಗೆ ಕಾಣುತ್ತದೆ. ಅದಕ್ಕೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ದ್ರಾವಣ ಹಾಕಿ. ಆ ಉಪ್ಪಿನ ಹರಳನ್ನು ನಿಜವಾಗಿ ಒಡೆಯುವುದು ಅದೇ. ಒರೆಸಿ ಬಿಟ್ಟರೆ ಸಾಲದು. ಹಲಗೆ ಚೆನ್ನಾಗಿ ನೆನೆದು, ಮೇಲೆ ಒದ್ದೆ ಗೋಣಿ ಹೊದಿಸಿ ಒಂದು ರಾತ್ರಿ ಇರಬೇಕು. ಒಣಗಿದ ಮೇಲೆ ಇನ್ನೊಂದು ಸಲ. ಇದಕ್ಕೂ ಬ್ಲೀಚಿಂಗ್ ಪೌಡರ್‌ಗೂ ಆಗಿ ಬರುವುದಿಲ್ಲ, ಬ್ಲೀಚಿಂಗ್ ತಗುಲಿದರೆ ಎನ್‌ಜೈಮ್ ಸತ್ತುಹೋಗುತ್ತದೆ. ಇನ್ನೂ ದೊಡ್ಡ ಅಪಾಯ ಒಂದಿದೆ. ಹಸಿ ಉಚ್ಚೆಯ ಮೇಲೆ, ಮುಚ್ಚಿದ ಅಟ್ಟದಲ್ಲಿ ಬ್ಲೀಚಿಂಗ್ ಸುರಿದರೆ ಅದರ ಅಮೋನಿಯಾ ಸೇರಿ ಕಣ್ಣು, ಗಂಟಲು ಸುಡುವ ವಿಷಗಾಳಿ ಏಳುತ್ತದೆ. ಆ್ಯಸಿಡ್ ಜೊತೆ ಸೇರಿದರೆ ಇನ್ನೂ ಕೆಟ್ಟದ್ದು. ಇಲಿ ಓಡಾಡಿದ ಜಾಗಕ್ಕೆ ಮಾತ್ರ, ಅದೂ ಗಲೀಜೆಲ್ಲ ತೆಗೆದು ತೊಳೆದು ಒಣಗಿದ ಮೇಲೆ, ಒಂದು ಲೀಟರ್ ನೀರಿಗೆ 15 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ತಿಳಿ ಬಸಿದು ಒರೆಸಿ. ಹತ್ತು ನಿಮಿಷ ಒದ್ದೆಯಾಗಿಯೇ ಇರಲಿ. ಗಾಳಿ ಆಡುತ್ತಿರಲಿ.

ಆಮೇಲೆ ಒಣಗಲು ಬಿಡಿ. ಅವಸರ ಮಾಡುವವರು ಇಲ್ಲೇ ಕೆಡಿಸಿಕೊಳ್ಳುತ್ತಾರೆ. ಸೂರಿನ ಕಡೆ ನಾಲ್ಕೈದು ಹೆಂಚು ಸರಿಸಿ, ಆ ಜಾಗಕ್ಕೆ ಜಾಲರಿ ಇಟ್ಟು, ಮಳೆ ಬಂದಾಗ ಮುಚ್ಚಲು ಟಾರ್ಪಾಲು ಕಟ್ಟಿಟ್ಟುಕೊಳ್ಳಿ. ಒಂದು ಟೇಬಲ್ ಫ್ಯಾನು ಹಚ್ಚಿಡಿ, ವೈರಿಂಗ್ ನೋಡಿಸಿದ ಮೇಲೆ. ಹತ್ತು ಹನ್ನೆರಡು ದಿನ ಬೇಕು. ಒಣಗಿದೆಯೋ ಇಲ್ಲವೋ ಅಂತ ತಿಳಿಯಲು ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ಹಲಗೆಗೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ. ಬೆಳಿಗ್ಗೆ ಒಳಗಡೆ ಹನಿ ಕಟ್ಟಿದ್ದರೆ ಇನ್ನೂ ಒಣಗಿಲ್ಲ.

ಪೂರ್ತಿ ಒಣಗಿದ ಮೇಲೂ ಹಲಗೆಯಲ್ಲಿ ಸ್ವಲ್ಪ ವಾಸನೆ ಉಳಿದರೆ ಅರಗಿನ ಪಾಲಿಶ್ ಎರಡು ಕೋಟು ಹೊಡೆಸಿ. ಸ್ಪಿರಿಟ್‌ನಲ್ಲಿ ಅರಗು ಕರಗಿಸಿದ್ದು, ಬಡಗಿಗಳಿಗೆ ಗೊತ್ತಿರುತ್ತದೆ. ವಾಸನೆಯನ್ನು ಒಳಗೇ ಹಿಡಿದಿಡುವುದರಲ್ಲಿ ಬಣ್ಣಕ್ಕಿಂತ ಅದೇ ಮೇಲು. ಹತ್ತಿರ ಬೆಂಕಿ, ಬೀಡಿ ಬೇಡ. ಗೋಡೆಗೆ ಸುಣ್ಣವೇ ಸಾಕು. ಸುಣ್ಣ ಹೊಡೆದ ದಿನ ವಾಸನೆ ಕಡಿಮೆಯಾಗುವ ಬದಲು ಗಪ್ಪೆಂದು ಏಳುತ್ತದೆ. ಹೆದರಬೇಡಿ. ಸುಣ್ಣ ಗೋಡೆಯೊಳಗಿನ ಅಮೋನಿಯಾವನ್ನು ಆಚೆ ತಳ್ಳುತ್ತಿರುತ್ತದೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಕೊನೆಗೆ ಕೆಮ್ಮಣ್ಣಿಗೆ ಸ್ವಲ್ಪ ಸುಣ್ಣ, ಭತ್ತದ ಹೊಟ್ಟು ಸೇರಿಸಿ ಕಲಸಿ, ತೆಗೆದಷ್ಟೇ ದಪ್ಪಕ್ಕೆ ಮೆತ್ತಿಸಿ. ಅಲ್ಲಿಗೆ ಸಿಮೆಂಟು ಹಾಕಿಸಲು ಬಿಡಬೇಡಿ. ಭಾರವೂ ಜಾಸ್ತಿ, ತೇವವನ್ನೂ ಹಿಡಿದಿಡುತ್ತದೆ.

ಗೊಂಬೆಗಳ ವಿಷಯಕ್ಕೆ ಬರುತ್ತೇನೆ, ನಿಮ್ಮ ಪತ್ರದಲ್ಲಿ ನಿಜವಾದ ಸಂಕಟ ಅಲ್ಲೇ ಇತ್ತು ಅನ್ನಿಸಿತು. ಟ್ರಂಕನ್ನು ಕೆಳಗಿಳಿಸಿ, ಆಚೆ ಜಗಲಿಯ ಮೇಲೆ ತೆರೆಯಿರಿ. ಸುತ್ತಿದ ಹಳೆ ಸೀರೆಗಳನ್ನು ಬಿಚ್ಚಿ ಬೇರೆ ಇಡಿ. ಹತ್ತಿಯವನ್ನು ಬಿಸಿನೀರಿನಲ್ಲಿ ಒಗೆಯಬಹುದು, ಜರಿಯವನ್ನು ಡ್ರೈಕ್ಲೀನಿಗೆ ಕೊಡಿ. ಪಟ್ಟದ ಗೊಂಬೆಗಳು ಮರದವಾದರೆ ಅವು ಉಳಿಯುತ್ತವೆ. ಹತ್ತಿಯನ್ನು ನೀರಿನಲ್ಲಿ ಅದ್ದಿ ಬಿಗಿಯಾಗಿ ಹಿಂಡಿ, ಮೊದಲು ಗೊಂಬೆಯ ಅಡಿಯಲ್ಲಿ ಒರೆಸಿ ನೋಡಿ. ಹತ್ತಿಗೆ ಬಣ್ಣ ಹತ್ತದಿದ್ದರೆ ಉಳಿದ ಕಡೆ ಒರೆಸಿ, ಒಡನೆಯೇ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ. ಮುಖ ಒರೆಸುವಾಗ ಉಜ್ಜಬೇಡಿ. ರಾಜಾರಾಣಿಯ ಕಣ್ಣಿನ ಕಪ್ಪು ಗೆರೆ ಎಷ್ಟು ತೆಳ್ಳಗಿರುತ್ತದೆ ಅಂತ ನಿಮಗೆ ಗೊತ್ತು, ಅದು ಹೋದರೆ ಹೋಯಿತು. ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಣ್ಣ ಬಿರಿಯುತ್ತದೆ. ಮಣ್ಣಿನ ಗೊಂಬೆಗೆ ನೀರೇ ತೋರಿಸಬೇಡಿ, ಮೃದು ಬ್ರಷ್‌ನಲ್ಲಿ ಕೊಡವಿ. ಆಮೇಲೆ ಎಲ್ಲ ಗೊಂಬೆಗಳನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ, ಮುಟ್ಟದ ಹಾಗೆ ಪಕ್ಕದಲ್ಲಿ ಒಂದು ಬಟ್ಟಲು ಅಡುಗೆ ಸೋಡಾ, ಒಂದು ಬಟ್ಟಲು ಇದ್ದಿಲು ಇಟ್ಟು ಹತ್ತು ದಿನ ಬಿಡಿ. ಕಾಗದದ ತಿರುಳಿನ ಗೊಂಬೆ ಒದ್ದೆಯಾಗಿ ಉಬ್ಬಿದ್ದರೆ ಅದನ್ನು ಉಳಿಸುವುದು ಕಷ್ಟ. ಸುಳ್ಳು ಭರವಸೆ ಕೊಡಲಾರೆ. ಅಟ್ಟದಲ್ಲಿ ತಾಮ್ರ, ಹಿತ್ತಾಳೆ ಪಾತ್ರೆಗಳೂ ಇದ್ದರೆ ತೊಳೆಯಲು ಹುಣಸೆಹಣ್ಣು ಸಾಕು. ಅಡುಗೆಗೆ ಬಳಸುವವಕ್ಕೆ ಕಲಾಯಿ ಹೋಗಿದ್ದರೆ ಹಾಕಿಸಿ. ಇನ್ನು ಮೇಲೆ ಗೊಂಬೆ ಟ್ರಂಕು ಅಟ್ಟಕ್ಕೆ ಬೇಡ, ಕೋಣೆಯ ಬೀರು ಮೇಲಿರಲಿ.

ಕಡೆಯದಾಗಿ ಆ ತೊಲೆ. ಸೂರಿನಿಂದ ಎರಡನೆಯದು, ಹಳದಿ ಕಲೆ ಇಳಿದ ಜಾಗದ ಮೇಲಿರುವುದು. ಅದರ ತುದಿ ಗೋಡೆಯೊಳಗೆ ಹೋಗುವ ಕಡೆ ಬಣ್ಣ ತೀರಾ ಕಪ್ಪಾಗಿದೆ. ಮಣ್ಣು ತೆಗೆಸಿದ ದಿನ ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಿ ಜೋರಾಗಿ ಚುಚ್ಚಿ ನೋಡಿ. ಗಟ್ಟಿಯಾಗಿ ತಡೆದರೆ ಬರಿ ಕಲೆ, ಚಿಂತೆಯಿಲ್ಲ. ಕಾಲು ಇಂಚಿಗಿಂತ ಜಾಸ್ತಿ ಒಳಗೆ ಹೋದರೆ ಮರ ಕೊಳೆತಿದೆ. ಆಗಲೂ ಪೂರ್ತಿ ತೊಲೆ ಬದಲಾಯಿಸಬೇಕಿಲ್ಲ. ಕೊಳೆತ ತುದಿ ಕತ್ತರಿಸಿ ಹೊಸ ಮರ ಜೋಡಿಸುವ ಬಡಗಿಗಳು ಶ್ರೀರಂಗಪಟ್ಟಣ, ಮೈಸೂರಿನ ಕಡೆ ಇನ್ನೂ ಇದ್ದಾರೆ. ಆದರೆ ಆ ಕೆಲಸ ಮುಗಿಯುವ ತನಕ ಅದರ ಕೆಳಗೆ ಒಂದು ಆಸರೆ ಕಂಬ ನಿಲ್ಲಿಸಲೇಬೇಕು. ಅದರ ಕೆಳಗೆ ಯಾರೂ ಮಲಗಬಾರದು. ಚುಚ್ಚಿ ನೋಡಿದ ಮೇಲೆ ಆ ಜಾಗದ ಹತ್ತಿರದ ಫೋಟೋ ಒಂದು ಕಳಿಸಿ. ಅದನ್ನು ನೋಡಿಕೊಂಡು ಮುಂದಿನದು ಹೇಳುತ್ತೇನೆ.